ಗಾಳಿಯಿಂದ ಹಿಂದಕ್ಕೆ ಲೆಕ್ಕ ಹಾಕಿದ ನನ್ನ ಅನುಭವ

ಬೀದಿಯಲ್ಲಿ ಹೋಗುವಾಗ ಒಗ್ಗರಣೆ ವಾಸನೆ ಬಂದರೆ ಯಾರ ಮನೆಯದು ಅಂತ ಊಹಿಸುತ್ತೇವೆ ಅಲ್ವಾ? ಗಾಳಿ ಎತ್ತಲಿಂದ ಬೀಸುತ್ತಿದೆ ಅಂತ ಗೊತ್ತಿದ್ದರೆ ಊಹೆ ಸರಿಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ವಿಷಯದಲ್ಲಿ ನಾನು ಮಾಡಿದ್ದೂ ಇದೇ ಕೆಲಸ. ಇದಕ್ಕೆ ಇನ್ವರ್ಸ್ ಮಾಡೆಲಿಂಗ್ ಅನ್ನುತ್ತಾರೆ.

ಕಲ್ಲಿದ್ದಲು, ಪೆಟ್ರೋಲು, ಗ್ಯಾಸ್ ಸುಟ್ಟು ನಾವು ವರ್ಷಕ್ಕೆ ಸುಮಾರು 1000 ಕೋಟಿ ಟನ್ ಇಂಗಾಲವನ್ನು ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಗಾಳಿಗೆ ಬಿಡುತ್ತಿದ್ದೇವೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಗಾಳಿಯಲ್ಲಿ ಉಳಿಯುತ್ತದೆ. ಉಳಿದದ್ದನ್ನು ಕಾಡು ಮತ್ತು ಕಡಲು ಹೀರುತ್ತವೆ. ಯಾವ ಕಾಡು, ಯಾವ ಕಡಲು, ಎಷ್ಟು? ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಅಲ್ಲಿಂದ ಒಟ್ಟು ಏರಿಕೆ ತಿಳಿಯುತ್ತದೆ, ಜಾಗ ತಿಳಿಯುವುದಿಲ್ಲ.

ಇಂಥ ಮಾಡೆಲ್‌ಗಳನ್ನು ಹೋಲಿಸಿ ನೋಡಿದ ಟ್ರಾನ್ಸ್‌ಕಾಮ್ ಅಧ್ಯಯನದವರ ಹಾಗೆ ನಾನು ಭೂಮಿಯನ್ನು 22 ಪ್ರದೇಶ ಮಾಡಿಕೊಂಡು ಶುರುಮಾಡಿದೆ: ನೆಲ 11, ಕಡಲು 11. ಆಮೇಲೆ ಭಾರತವನ್ನು ಬೇರೆಯಾಗಿ ಬಿಡಿಸಿಕೊಂಡೆ. ಒಂದೊಂದು ಪ್ರದೇಶದಿಂದಲೂ 100 ಕೋಟಿ ಟನ್ ಇಂಗಾಲ ಬಿಟ್ಟರೆ ಗಾಳಿ ಅಳೆಯುವ ಒಂದೊಂದು ಠಾಣೆಯಲ್ಲಿ ಎಷ್ಟು ಏರುತ್ತದೆ ಅಂತ ಟ್ರಾನ್ಸ್‌ಪೋರ್ಟ್ ಮಾಡೆಲ್, ಅಂದರೆ ಗಾಳಿ ಅದನ್ನು ಎತ್ತ ಒಯ್ಯುತ್ತದೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಓಡಿಸಿ ನೋಡಬೇಕು. ಬಿಟ್ಟದ್ದು ಪೂರ್ತಿ ಬೆರೆತ ಮೇಲೆ ಎಲ್ಲ ಕಡೆ 0.47 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.47 ಭಾಗ) ಬರಬೇಕು. ಬರಲಿಲ್ಲ ಅಂದರೆ ಮಾಡೆಲ್ ಎಲ್ಲೋ ಇಂಗಾಲ ಸೋರಿಸುತ್ತಿದೆ ಅಂತ ಅರ್ಥ. ನಾನು ಇದನ್ನು ನೋಡದೆ ಮುಂದೆ ಹೋಗುವುದಿಲ್ಲ.

ಇನ್ನು ಉಳಿದದ್ದು ಗಣಿತ. ಠಾಣೆಯ ಅಳತೆಗೂ ಹೊಂದಬೇಕು, ಯಾವ ಪ್ರದೇಶ ಎಷ್ಟು ಬಿಡುತ್ತದೆ, ಎಷ್ಟು ಹೀರುತ್ತದೆ ಅಂತ ನಾವು ಮೊದಲೇ ಕೊಟ್ಟ ಅಂದಾಜಿನಿಂದ ಸುಮ್ನೆ ದೂರವೂ ಹೋಗಬಾರದು.

ಮೊದಲ ಸಲ ಭಾರತಕ್ಕೆ ಬಂದ ಉತ್ತರ ನೋಡಿ ಗಾಬರಿಯಾಯಿತು. ಅಕ್ಟೋಬರ್‌ನಲ್ಲಿ, ಎಲ್ಲೆಲ್ಲೂ ಹಸಿರಿರುವಾಗ, ನೆಲ ಇಂಗಾಲ ಉಗುಳುತ್ತಿದೆ ಅಂತ ಬಂತು! ಎರಡು ವಾರ ಮಾಡೆಲನ್ನೇ ಅನುಮಾನಿಸಿದೆ. ಕೊನೆಗೆ ಬಯಲಿನ ಒಂದು ಠಾಣೆಯ ಒಂದು ತಿಂಗಳ ಅಳತೆ ತೆಗೆದು, ದಿನದ 24 ಗಂಟೆಯ ಸರಾಸರಿ ಗೆರೆ ಎಳೆದೆ. ಗಿಡಮರ ಹೀರಿ, ಗಾಳಿ ಎತ್ತರದವರೆಗೆ ಕಲಕಿ, ಮಧ್ಯಾಹ್ನ ಮೂರರ ಹೊತ್ತಿಗೆ ಅಂಕಿ ತೀರಾ ಕೆಳಗಿರಬೇಕು. ನನ್ನ ಗೆರೆಯಲ್ಲಿ ತಗ್ಗು ಇದ್ದದ್ದು ಒಂಬತ್ತೂವರೆಗೆ. ಆಗ ಹೊಳೆಯಿತು, ಫೈಲಿನಲ್ಲಿದ್ದದ್ದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಮಾಡೆಲ್‌ನಿಂದ ಮಧ್ಯಾಹ್ನ ಒಂದರಿಂದ ನಾಲ್ಕರ ಗಾಳಿ ತೆಗೆದಿದ್ದೆ. ಅಳತೆಯಿಂದ ತೆಗೆದದ್ದು ಸಂಜೆ ಆರೂವರೆಯಿಂದ ರಾತ್ರಿ ಒಂಬತ್ತೂವರೆಯದು. ಆ ಹೊತ್ತಿಗೆ ಗಾಳಿ ನೆಲಕ್ಕೆ ಅಂಟಿಕೊಂಡು ಕಾರ್ಬನ್ ಡೈಆಕ್ಸೈಡ್ ಕೆಳಗೇ ತುಂಬಿಕೊಳ್ಳುತ್ತದೆ. ಈಗ ಯಾವ ಠಾಣೆಯ ಫೈಲ್ ಬಂದರೂ ಮೊದಲು ಆ ಗೆರೆ ಎಳೆಯುತ್ತೇನೆ.

ತಪ್ಪು ಸರಿಮಾಡಿದ ಮೇಲೆ ಉತ್ತರ ಚೆನ್ನಾಗಿಯೇ ಕಂಡಿತು. ಜುಲೈ ಅಂತೂ ತುಂಬಾ ಚೆನ್ನಾಗಿತ್ತು. ಅದೇ ಅನುಮಾನಕ್ಕೆ ಕಾರಣ, ಯಾಕೆಂದರೆ ಅದು ನಾನು ಕೊಟ್ಟ ಅಂದಾಜೇ ಆಗಿತ್ತು. ಕಾರವಾರದಿಂದ ಸ್ವಲ್ಪ ಉತ್ತರಕ್ಕೆ, ಗೋವಾದ ಕಾಬೊ ದ ರಾಮದಲ್ಲಿ 1993ರಿಂದ ಬಾಟಲಿಯಲ್ಲಿ ಗಾಳಿ ತುಂಬಿ ಆಸ್ಟ್ರೇಲಿಯಕ್ಕೆ ಕಳಿಸಿ ಅಳೆಸಿದ್ದರು. ಚಳಿಗಾಲದಲ್ಲಿ ಅಲ್ಲಿಗೆ ನಮ್ಮ ಒಳನಾಡಿನ ಗಾಳಿ ಬರುತ್ತದೆ. ಮುಂಗಾರಿನಲ್ಲಿ ಬರುವುದು ಅರಬ್ಬೀ ಸಮುದ್ರದ ಗಾಳಿ. ಅಂದರೆ ನಮ್ಮ ಹೊಲ, ಕಾಡು ಜಾಸ್ತಿ ಬೆಳೆಯುವ ತಿಂಗಳುಗಳಲ್ಲೇ ಆ ಬಾಟಲಿಗೆ ಅವುಗಳ ಸುದ್ದಿ ತಲುಪುವುದಿಲ್ಲ. ಸುಳಿವು ಇಲ್ಲದ ಕಡೆ ಗಣಿತ ನಾವು ಹೇಳಿದ್ದನ್ನೇ ನಮಗೆ ವಾಪಸ್ ಹೇಳುತ್ತದೆ. ಉಪಗ್ರಹ ಇದೆಯಲ್ಲ ಅಂತ ಕೇಳುತ್ತಾರೆ. ಕಾರ್ಬನ್ ಡೈಆಕ್ಸೈಡ್ ಅಳೆಯಲು 2014ರಲ್ಲಿ ಹಾರಿದ ಓಸಿಓ-2 ಒಳ್ಳೆಯ ಉಪಗ್ರಹವೇ. ಆದರೆ ಮುಂಗಾರು ಮೋಡದಾಚೆ ಅದಕ್ಕೂ ಕಾಣುವುದಿಲ್ಲ.

ಇದನ್ನು ಖಾತ್ರಿ ಮಾಡಿಕೊಳ್ಳಲು ಒಂದು ಪರೀಕ್ಷೆ ಮಾಡಿದೆ. ಉತ್ತರ ನಾನೇ ಬರೆದಿಟ್ಟು, ಅದರಿಂದ ಮಾಡೆಲ್‌ನಲ್ಲಿ ಅಳತೆಗಳನ್ನು ಹುಟ್ಟಿಸಿ, ಸ್ವಲ್ಪ ಏರುಪೇರು ಬೆರೆಸಿ, ಮತ್ತೆ ಹಿಂದಕ್ಕೆ ಲೆಕ್ಕ ಹಾಕಿದೆ. ಜನವರಿಯ ಉತ್ತರ ವಾಪಸ್ ಬಂತು. ಜುಲೈ ಅಲ್ಲಾಡಲಿಲ್ಲ. ಆಗ ದಖ್ಖನ್ ಪ್ರಸ್ಥಭೂಮಿಯ ನಡುವೆ ನಿಜವಾಗಿ ಇಲ್ಲದ, ಗಾಳಿ ಅಳೆಯುವ ಒಂದು ಗೋಪುರವನ್ನು ಲೆಕ್ಕಕ್ಕೆ ಸೇರಿಸಿದೆ. ಜುಲೈ ಅಂಕಿ ನನ್ನ ಅಂದಾಜನ್ನು ಬಿಟ್ಟು, ಬರೆದಿಟ್ಟಿದ್ದ ಉತ್ತರದ ಕಡೆಗೆ ಸರಿಯಿತು. ಅಂಥ ಗೋಪುರದ ಅಳತೆ ಕೈಗೆ ಸಿಗುವವರೆಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಭಾರತವನ್ನು ನನ್ನ ನಕ್ಷೆಗಳಲ್ಲಿ ಬೂದು ಬಣ್ಣದಲ್ಲೇ ಬಿಡುತ್ತಿದ್ದೇನೆ.