ಐಎಸ್‌ಎಲ್‌ನ ಮೊದಲ ಡ್ರಾಫ್ಟ್‌ಗೆ ನಾನು ಪಟ್ಟಿ ಮಾಡಿದ್ದು ಹೀಗೆ

2014ರ ಜುಲೈ 22 ಮತ್ತು 23ರಂದು ಮುಂಬೈಯಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನ ಮೊದಲ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ನಡೆಯಿತು. ಭಾರತೀಯ ಆಟಗಾರರಿಗೆ ಮಾತ್ರ. ಪಟ್ಟಿಯಲ್ಲಿ 84 ಹೆಸರು. ಒಂದು ತಂಡದ ಪರವಾಗಿ ಆ ಹೆಸರುಗಳನ್ನು ಅಳೆದು ತೂಗಿ, ಯಾರನ್ನು ಮೊದಲು ಕೇಳಬೇಕು, ಯಾರನ್ನು ಆಮೇಲೆ ಅಂತ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಡ್ರಾಫ್ಟ್‌ಗೆ ತಯಾರಿ ಹೇಗೆ ಅಂತ ಹೊಸ ಹುಡುಗರು ಆಗಾಗ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಐಪಿಎಲ್ ನೋಡಿದವರಿಗೆ ಇದೂ ಹರಾಜು ಅನ್ನಿಸಬಹುದು. ಅಲ್ಲ. ಪ್ರತಿಯೊಬ್ಬ ಆಟಗಾರನ ಬೆಲೆ ಮೊದಲೇ ನಿಗದಿಯಾಗಿತ್ತು. ಜಾಸ್ತಿ ದುಡ್ಡು ಕೊಡ್ತೀನಿ ಅಂದರೂ ನಿಮಗೆ ಸಿಗಲ್ಲ, ನಿಮ್ಮ ಸರದಿ ಬರುವುದರೊಳಗೆ ಇನ್ನೊಬ್ಬರು ಆ ಹೆಸರು ಹೇಳಿದರೆ ಮುಗಿಯಿತು. ಅಂದರೆ ನಮ್ಮ ಕೈಯಲ್ಲಿರುವ ಬಂಡವಾಳ ಸರದಿ ಒಂದೇ. ಅದನ್ನು ಯಾವ ಜಾಗದ ಆಟಗಾರನಿಗೆ ಖರ್ಚು ಮಾಡುತ್ತೀರಿ ಅನ್ನುವುದೇ ಪೂರ್ತಿ ಆಟ.

ನಾನು ಶುರು ಮಾಡಿದ್ದು ಹೆಸರುಗಳಿಂದ ಅಲ್ಲ, ನಿಯಮದಿಂದ. ಆ ವರ್ಷ ಹನ್ನೊಂದರಲ್ಲಿ ಕನಿಷ್ಠ ಐವರು ಭಾರತೀಯರು ಮೈದಾನದಲ್ಲಿ ಇರಲೇಬೇಕಿತ್ತು. ಉಳಿದ ಆರು ಜಾಗ ವಿದೇಶಿಯರಿಗೆ ಹೋಗುವುದು ಗ್ಯಾರಂಟಿ. ಈಗ ಯೋಚನೆ ಮಾಡಿ, ಹೊರಗಿನಿಂದ ಬರುವ ಕೋಚ್ ತನ್ನ ವಿದೇಶಿಯರನ್ನು ಎಲ್ಲಿ ಆಡಿಸುತ್ತಾನೆ? ಗೋಲು ಹೊಡೆಯುವ ಸ್ಟ್ರೈಕರ್, ನಡುವಿನ ಮಿಡ್‌ಫೀಲ್ಡ್, ಗೋಲಿನ ಮುಂದೆ ಕಾಯುವ ಸೆಂಟರ್ ಬ್ಯಾಕ್. ತಂಡದ ಬೆನ್ನೆಲುಬು ಅವರದ್ದು. ಭಾರತೀಯರಿಗೆ ಉಳಿಯುವುದು ಎರಡು ಪಕ್ಕಗಳು, ಅಂದರೆ ಹಿಂದೆ ಅಂಚು ಕಾಯುವ ಫುಲ್ ಬ್ಯಾಕ್ (ಎಡಗಡೆಯವನು ಲೆಫ್ಟ್ ಬ್ಯಾಕ್) ಮತ್ತು ಮುಂದೆ ಅಂಚಿನಲ್ಲಿ ದಾಳಿ ಮಾಡುವ ವಿಂಗ್, ಜೊತೆಗೆ ಅದೃಷ್ಟವಿದ್ದರೆ ಗೋಲ್‌ಕೀಪರ್ ಅಥವಾ ಮಧ್ಯದಲ್ಲಿ ಓಡಾಡುವ ಒಬ್ಬ. ತೊಂದರೆ ಏನಪ್ಪಾ ಅಂದರೆ ವಿದೇಶಿಯರ ಡ್ರಾಫ್ಟ್ ಇದ್ದದ್ದು ಆಗಸ್ಟ್‌ನಲ್ಲಿ. ಪಕ್ಕದಲ್ಲಿ ಯಾರು ಆಡುತ್ತಾರೆ ಅಂತ ಗೊತ್ತಿಲ್ಲದೆ, ಎಷ್ಟೋ ತಂಡಗಳಿಗೆ ಕೋಚ್ ಯಾರು ಅಂತಲೂ ಗೊತ್ತಿಲ್ಲದೆ ನಾವು ಭಾರತೀಯರನ್ನು ಆರಿಸಬೇಕಿತ್ತು. ಹಾಗಾಗಿ ಯಾವ ಕೋಚ್ ಬಂದರೂ ಬೇಕೇ ಬೇಕಾಗುವ ಜಾಗ ಯಾವುದು ಅಂತ ನೋಡಿದೆ.

84 ಹೆಸರನ್ನು ಜಾಗದ ಪ್ರಕಾರ ವಿಂಗಡಿಸಿ ಗೋಡೆಗೆ ಅಂಟಿಸಿದೆ. ಆಗ ಕಣ್ಣಿಗೆ ರಾಚಿದ್ದು ಎಡಪಕ್ಕ. ಎಡಗಾಲಲ್ಲೇ ಆಡುವ, ಎಡಗಡೆಯೇ ಅಭ್ಯಾಸವಿರುವ ಒಳ್ಳೆಯ ಲೆಫ್ಟ್ ಬ್ಯಾಕ್‌ಗಳು ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು. ಅವರು ಹೋದ ಮೇಲೆ ಉಳಿಯುವವರೆಲ್ಲ ಬಲಗಾಲಿನವರು. ಅದೇ ವಿಂಗರ್‌ಗಳ ಸಾಲಿನಲ್ಲಿ ಮೂರನೆಯವನಿಗೂ ಎಂಟನೆಯವನಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಿದ್ದರೆ ವಿಂಗರ್ ಕಾಯಬಹುದು, ಲೆಫ್ಟ್ ಬ್ಯಾಕ್ ಕಾಯಲ್ಲ. ಇಷ್ಟೇ ಲೆಕ್ಕ, ಆದರೆ ಮಾಲೀಕರ ಕಡೆಯವರನ್ನು ಒಪ್ಪಿಸೋದು ಸುಲಭ ಇರಲಿಲ್ಲ.

“ಏನ್ರೀ ಇದು, ಇಂಡಿಯಾಗೆ ಆಡಿರೋ ಸ್ಟ್ರೈಕರ್ ಇದಾನೆ, ಅವನನ್ನ ಬಿಟ್ಟು ಬ್ಯಾಕ್ ತಗೋಬೇಕಾ?”

“ಸರ್, ಆ ಸ್ಟ್ರೈಕರ್ ಬಂದರೆ ಬೆಂಚಲ್ಲಿ ಕೂರ್ತಾನೆ. ಈ ಹುಡುಗ ಹದಿನಾಲ್ಕು ಮ್ಯಾಚೂ ಆಡ್ತಾನೆ.”

ಹದಿನಾಲ್ಕು ಅಂದದ್ದು ಸುಮ್ನೆ ಅಲ್ಲ. ಎಂಟು ತಂಡ, ಪ್ರತಿ ತಂಡಕ್ಕೂ ಲೀಗ್ ಹಂತದಲ್ಲಿ 14 ಪಂದ್ಯ, ಎಲ್ಲಾ ಅಕ್ಟೋಬರ್ 12ರಿಂದ ಡಿಸೆಂಬರ್ 20ರೊಳಗೆ ಫೈನಲ್ ಸೇರಿ ಮುಗಿಯಬೇಕು. ಮೂರು ವಾರ ಗಾಯದಲ್ಲಿ ಕೂತರೆ ಅವನ ಸೀಸನ್ನೇ ಮುಗಿದ ಹಾಗೆ. ಆದ್ದರಿಂದ ಪ್ರತಿಭೆಯ ಜೊತೆಗೇ ದೇಹದ ಸ್ಥಿತಿ ನೋಡಿದೆ. ಆಗ ದೇಶದ ಮುಖ್ಯ ಕ್ಲಬ್ ಲೀಗ್ ಆಗಿದ್ದ ಐ-ಲೀಗ್ ಏಪ್ರಿಲ್ ಕೊನೆಯಲ್ಲಿ ಮುಗಿದಿತ್ತು. ಮೇ, ಜೂನ್‌ನಲ್ಲಿ ಯಾರು ಓಡುತ್ತಿದ್ದರು, ಯಾರು ಮಲಗಿದ್ದರು ಅಂತ ಯಾವ ವಿಡಿಯೊದಲ್ಲೂ ಸಿಗುವುದಿಲ್ಲ. ಅದಕ್ಕೆ ಫೋನ್ ಹಿಡಿದು ಕೂತೆ. ಕೋಚ್‌ಗಳಿಗಿಂತ ಚೆನ್ನಾಗಿ ಹೇಳಿದ್ದು ಕ್ಲಬ್‌ಗಳಲ್ಲಿ ಕಿಟ್ ನೋಡಿಕೊಳ್ಳುವವರು. ಯಾರು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡೇ ಮೈದಾನಕ್ಕೆ ಇಳಿಯುತ್ತಾನೆ, ಯಾರು ತರಬೇತಿ ಮುಗಿದ ಮೇಲೂ ಒಬ್ಬನೇ ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು) ಹೊಡೆಯುತ್ತಾ ನಿಲ್ಲುತ್ತಾನೆ, ಎಲ್ಲಾ ಅವರಿಗೆ ಗೊತ್ತು. ಆ ಜನರನ್ನು ಗೌರವದಿಂದ ಮಾತಾಡಿಸಿ, ಬೇಕಾದ್ದೆಲ್ಲ ಹೇಳುತ್ತಾರೆ.

ಒಬ್ಬೊಬ್ಬರಿಗೂ ಒಂದು ಕಾರ್ಡ್. ಒಂದು ಕಾರ್ಡ್ ಹೀಗಿತ್ತು: ‘ಎಡಗಾಲು. ಕ್ರಾಸ್‌ಗೆ ಮುಂಚೆ ತಲೆ ಎತ್ತಿ ನೋಡುತ್ತಾನೆ. ಚೆಂಡು ಕಳೆದುಕೊಂಡ ತಕ್ಷಣ ತಿರುಗಿ ಓಡುತ್ತಾನೆ. 70 ನಿಮಿಷ ದಾಟಿದ ಮೇಲೆ ನಡೆಯುತ್ತಾನೆ.’ ಅಷ್ಟೇ. ಡ್ರಾಫ್ಟ್ ಮೇಜಿನ ಮುಂದೆ ಪುಟಗಟ್ಟಲೆ ಓದಲು ಟೈಮ್ ಇರಲ್ಲ. ಕಾರ್ಡ್ ಎತ್ತಿದರೆ ಒಂದು ನೋಟಕ್ಕೆ ಹುಡುಗ ಕಣ್ಣ ಮುಂದೆ ಬರಬೇಕು.

ಬೆಂಗಳೂರಿನವನಾಗಿ ಒಂದು ಬೇಜಾರು ಹೇಳಲೇಬೇಕು. ಆ ವರ್ಷ ಐ-ಲೀಗ್ ಗೆದ್ದದ್ದು ನಮ್ಮ ಬೆಂಗಳೂರು ಎಫ್‌ಸಿ, ಅದೂ ಮೊದಲ ಸೀಸನ್‌ನಲ್ಲೇ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೂತು ನೋಡಿದ ಆ ಹುಡುಗರು ಯಾರೂ ಈ 84ರಲ್ಲಿ ಇರಲಿಲ್ಲ. ಕ್ಲಬ್ ಅವರನ್ನು ಐಎಸ್‌ಎಲ್‌ಗೆ ಬಿಟ್ಟುಕೊಡಲಿಲ್ಲ, ಹಾಗಾಗಿ ಅದೇ ಕ್ಲಬ್‌ನ ಸ್ಟ್ರೈಕರ್ ಸುನಿಲ್ ಛೇತ್ರಿ ಹೆಸರೂ ಇಲ್ಲ. ಏಪ್ರಿಲ್‌ನಲ್ಲಿ ತಂಡಗಳನ್ನು ಹಂಚಿದಾಗ ಇದ್ದ ಬೆಂಗಳೂರಿನ ಜಾಗವೂ ಆಮೇಲೆ ಚೆನ್ನೈಗೆ ಹೋಯಿತು. ಇನ್ನು ಡೆಂಪೊ ಕ್ಲಬ್‌ನ ಆಟಗಾರರು ಗೋವಾ ತಂಡಕ್ಕೆ, ಶಿಲ್ಲಾಂಗ್ ಲಾಜಾಂಗ್ ಕ್ಲಬ್‌ನವರು ಗುವಾಹಟಿ ತಂಡಕ್ಕೆ ಹೋಗುವುದು ಮೊದಲೇ ಗೊತ್ತಾಗಿತ್ತು. ಇವನ್ನೆಲ್ಲ ಕಳೆದು ನೋಡಿದರೆ ಡ್ರಾಫ್ಟ್‌ನಲ್ಲಿ ನಿಜವಾಗಿ ಸಿಗುವವರು ಯಾರು ಅಂತ ತಿಳಿಯುತ್ತದೆ. ಆ ಲೆಕ್ಕ ಹಾಕದೆ ಮೇಜಿಗೆ ಹೋಗಬೇಡಿ.

ಆ ಎರಡು ದಿನ ನಾನು ಕೈಯಲ್ಲಿ ಪೆನ್ಸಿಲ್ ಹಿಡಿದೇ ಇದ್ದೆ. ಬೇರೆ ತಂಡ ಒಂದು ಹೆಸರು ಹೇಳಿದ ತಕ್ಷಣ ಗೀಟು, ಆ ಜಾಗದಲ್ಲಿ ಇನ್ನೆಷ್ಟು ಮಂದಿ ಉಳಿದರು ಅಂತ ಪಕ್ಕದಲ್ಲಿ ಸಂಖ್ಯೆ. ಸಂಖ್ಯೆ ಎರಡಕ್ಕೆ ಇಳಿದರೆ ಮುಂದಿನ ಸರದಿ ಅದಕ್ಕೇ, ಚರ್ಚೆ ಇಲ್ಲ. ಕೊನೆಯ ಸುತ್ತುಗಳಲ್ಲಿ ಮಾತ್ರ ನನ್ನ ನಿಯಮ ಬೇರೆ: ವಯಸ್ಸು ಕಡಿಮೆ, ಎರಡು ಜಾಗದಲ್ಲಿ ಆಡಬಲ್ಲವನು. ದೊಡ್ಡ ಹೆಸರುಗಳೆಲ್ಲ ಖಾಲಿಯಾದ ಮೇಲೆ ಎಷ್ಟೋ ಮೇಜುಗಳಲ್ಲಿ ಆಸಕ್ತಿ ಇಳಿದಿತ್ತು. ನನಗೆ ಅತಿ ಇಷ್ಟವಾದ ಹೊತ್ತು ಅದೇ.

ಆ ಸೀಸನ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಕೇರಳ ಬ್ಲಾಸ್ಟರ್ಸ್‌ನ 21 ವರ್ಷದ ಸಂದೇಶ್ ಝಿಂಗನ್‌ಗೆ ಸಿಕ್ಕಿತು. ಫೈನಲ್‌ನಲ್ಲಿ ಅದೇ ಕೇರಳದ ವಿರುದ್ಧ ಕೋಲ್ಕತ್ತಾಗೆ ಕೊನೇ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದು ಕಪ್ ತಂದುಕೊಟ್ಟದ್ದು, ಬದಲಿ ಆಟಗಾರನಾಗಿ ಇಳಿದಿದ್ದ ಮೊಹಮ್ಮದ್ ರಫೀಕ್. ಇಬ್ಬರೂ ನಮ್ಮ ತಂಡದವರಲ್ಲ, ಆದರೂ ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಮುಂದಿನ ವರ್ಷ ಕೆಲವು ರಾಷ್ಟ್ರೀಯ ಆಟಗಾರರಿಗೆ ಹರಾಜೂ ಬಂತು, ಛೇತ್ರಿ 1.2 ಕೋಟಿ ರೂಪಾಯಿಗೆ ಮುಂಬೈ ಸೇರಿದರು. ಹರಾಜಿಗೆ ಬೇರೆಯೇ ತಯಾರಿ ಬೇಕು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.