ಹಳೆ ವಾಲ್ವ್‌ಗೆ ನಂಬುವಂಥ ಮಾರಾಟಗಾರ ಸಿಕ್ಕಿದ್ದು ಹೀಗೆ

ಆಂಪ್ಲಿಫೈಯರ್‌ನ ಎಡ ಚಾನೆಲ್‌ನಲ್ಲಿ ಚರಚರ ಸದ್ದು. ಅದರೊಳಗಿನ ಎರಡು ಇಸಿಸಿ83 ವಾಲ್ವ್‌ಗಳನ್ನು (ಸಿಗ್ನಲ್ ಹಿಗ್ಗಿಸುವ ಗಾಜಿನ ನಿರ್ವಾತ ಕೊಳವೆಗಳು) ಅದಲುಬದಲು ಮಾಡಿದೆ, ಸದ್ದು ಬಲಕ್ಕೆ ಹೋಯಿತು. ಅಂದರೆ ವಾಲ್ವೇ ಕೆಟ್ಟಿದೆ. ಇಷ್ಟು ಸುಲಭ. ಹಳೆಯದನ್ನು ಯಾರ ಹತ್ತಿರ ಕೊಳ್ಳೋದು ಅನ್ನೋದೇ ತಲೆನೋವು.

ಮಾರುವವರಿಗೆಲ್ಲ ಒಂದೇ ಪ್ರಶ್ನೆ ಕಳಿಸಿದೆ: ಯಾವ ಟೆಸ್ಟರ್‌ನಲ್ಲಿ ಅಳೆದಿರಿ, ಒಳಗಿನ ಎರಡೂ ಟ್ರಯೋಡ್‌ಗಳ (ಹಿಗ್ಗಿಸುವ ಭಾಗಗಳ) ರೀಡಿಂಗ್ ಎಷ್ಟು, ಅದೇ ಟೆಸ್ಟರ್‌ನಲ್ಲಿ ಹೊಸದು ಎಷ್ಟು ತೋರಿಸುತ್ತದೆ? ಸುಮ್ನೆ ‘ಸ್ಟ್ರಾಂಗ್ ಇದೆ’ ಅಂದವರನ್ನು ಬಿಟ್ಟುಬಿಟ್ಟೆ. ‘ಎನ್‌ಓಎಸ್’ (ನ್ಯೂ ಓಲ್ಡ್ ಸ್ಟಾಕ್, ಅಂದರೆ ಬಳಸದೆ ಉಳಿದ ಹಳೆ ಮಾಲು) ಅಂತ ಬರೆಯೋಕೆ ಖರ್ಚೇನೂ ಇಲ್ಲ, ಅಲ್ವಾ?

ಆಮೇಲೆ ಫೋಟೋ ಕೇಳಿದೆ. ಗಾಜಿನ ಮೇಲೆ ಮುದ್ರಿಸಿದ ಹೆಸರನ್ನು ಜಾಸ್ತಿ ನಂಬಬಾರದು. ಒಂದು ಕಂಪನಿ ಮಾಡಿದ ವಾಲ್ವ್ ಇನ್ನೊಂದರ ಹೆಸರಲ್ಲಿ ಮಾರಾಟವಾಗುವುದು ಆಗ ಮಾಮೂಲಿ. ಟೆಲಿಫುಂಕನ್ ಕಂಪನಿಯದಾದರೆ ಸಾಮಾನ್ಯವಾಗಿ ತಳದ ಗಾಜಿನಲ್ಲಿ, ಪಿನ್‌ಗಳ ನಡುವೆ, ವಜ್ರಾಕೃತಿಯ ಅಚ್ಚು ಇರುತ್ತದೆ. ಮುಲ್ಲಾರ್ಡ್‌ನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದಾದರೆ ಬುಡದ ಕೋಡ್‌ನಲ್ಲಿ ‘ಬಿ’ ಅಕ್ಷರ. ಗಾಜಿನ ಮೇಲ್ಭಾಗದ ಬೆಳ್ಳಿ ಬಣ್ಣದ ಗೆಟರ್ (ಒಳಗಿನ ನಿರ್ವಾತ ಕಾಯುವ ಲೇಪ) ಬಿಳುಚಿಕೊಂಡಿದ್ದರೆ ಒಳಗೆ ಗಾಳಿ ನುಗ್ಗಿದೆ, ಅದು ಕಸ.

ಸದ್ದು ಮಾಡುವ ವಾಲ್ವ್ ಕೂಡ ಟೆಸ್ಟರ್‌ನಲ್ಲಿ ಪಾಸಾಗಬಹುದು. ಅದಕ್ಕೇ ‘ಗಲಾಟೆ ಮಾಡಿದರೆ ವಾಪಸ್ ಕಳಿಸಿ’ ಎಂದು ಬರೆದುಕೊಟ್ಟವರಿಂದ ಮೊದಲು ಒಂದೇ ತರಿಸಿದೆ. ಚರಚರ ನಿಂತಿತು. ಸ್ಪೇರ್‌ಗೆ ಇನ್ನೊಂದನ್ನೂ ಅವರಲ್ಲೇ ಹೇಳಿದ್ದೇನೆ.