ಘಟ್ಟ ಇಳಿದು ಮ್ಯಾರಥಾನ್ ಓಡುವವರಿಗೆ

ಡಿಸೆಂಬರ್ ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಹುಬ್ಬಳ್ಳಿ ಕಡೆಯ ಪರಿಚಯದವರಿಂದ ನನಗೆ ಫೋನ್ ಬರಲು ಶುರುವಾಗುತ್ತದೆ. ಗೋವಾದಲ್ಲಿ ಓಟಕ್ಕೆ ಹೆಸರು ಕೊಟ್ಟಿದ್ದೇವೆ, ಎರಡು ದಿನ ಮೊದಲೇ ಹೊರಟು ಗೋಕರ್ಣ, ಕಾರವಾರ ನೋಡಿಕೊಂಡು ಹೋಗುತ್ತೇವೆ, ತಯಾರಿ ಹೇಗಿರಬೇಕು ಎಂದು ಕೇಳುತ್ತಾರೆ. ಶೂ ಯಾವುದು, ಊಟ ಏನು ಎಂದು ವಿಚಾರಿಸುತ್ತಾರೆ. ಬೆವರಿನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಕರಾವಳಿಯಲ್ಲಿ 42 ಕಿಲೋಮೀಟರ್ ದಾಟುವುದೂ ನಡುವೆ ಕೂತುಬಿಡುವುದೂ ಅದರ ಮೇಲೆಯೇ ನಿಂತಿದೆ.

ನನ್ನ ತವರು ಶಿರಸಿಯ ಹತ್ತಿರದ ಒಂದು ಹಳ್ಳಿ. ಕಾರವಾರದ ಲ್ಯಾಬ್ ಒಂದರಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೊದಲ ಮ್ಯಾರಥಾನ್ ಓಡುವಾಗ ಇನ್ನೂ ಶಿರಸಿಯಲ್ಲೇ ಇದ್ದೆ. ನಾಲ್ಕು ತಿಂಗಳು ಅಡಿಕೆ ತೋಟಗಳ ನಡುವಿನ ತಂಪು ರಸ್ತೆಯಲ್ಲಿ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೆ. ಗೋವಾದ ಆ ಓಟದಲ್ಲಿ ಸುಮಾರು 28ನೇ ಕಿಲೋಮೀಟರ್‌ನಲ್ಲಿ ಬೆರಳಿನ ಉಂಗುರ ಬಿಗಿಯತೊಡಗಿತು. ತಿರುಗಿಸಲು ನೋಡಿದೆ, ಅಲುಗಲಿಲ್ಲ. ಗೆಣ್ಣುಗಳ ಗೆರೆ ಮಾಯವಾಗುವಷ್ಟು ಕೈ ಊದಿತ್ತು. ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು ನನಗೇ ಕೇಳುತ್ತಿತ್ತು, ತಲೆ ಸಿಡಿಯುತ್ತಿತ್ತು. ಇದು ನೀರು ಸಾಲದೆ ಆಗುತ್ತಿರುವುದು ಎಂದುಕೊಂಡು ದಾರಿಬದಿಯ ಮುಂದಿನ ನೀರಿನ ಮೇಜಿನಲ್ಲಿ ಇನ್ನೆರಡು ಲೋಟ ಕುಡಿದೆ. 36ರಲ್ಲಿ ವಾಂತಿಯಾಯಿತು. ವೈದ್ಯರ ಡೇರೆಯಲ್ಲಿ ರಕ್ತ ತೆಗೆದು ನೋಡಿದಾಗ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, 129. ಇರಬೇಕಾದದ್ದು 135ರಿಂದ 145. ಬೇರೆಯವರ ವರದಿಯಲ್ಲಿ ಅಂಥ ಸಂಖ್ಯೆ ಕಂಡರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡುವವಳು ನಾನು. ಪ್ರತಿ ಮೇಜಿನಲ್ಲೂ ಬರೀ ನೀರು ಕುಡಿದು ನನ್ನ ರಕ್ತವನ್ನು ನಾನೇ ತೆಳುಮಾಡಿಕೊಂಡಿದ್ದೆ. ಹಾಗೇ ಮುಂದುವರಿದರೆ ಮಿದುಳು ಊದಿ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಆದ್ದರಿಂದ ಮುಂದೆ ಬರೆಯುವುದರಲ್ಲಿ ಉಪ್ಪಿನ ಮಾತು ಹೆಚ್ಚಾಗಿಯೇ ಇದೆ.

ಮೊದಲು ಕರಾವಳಿಯ ಗಾಳಿಯನ್ನು ಅರ್ಥ ಮಾಡಿಕೊಳ್ಳಿ. ಓಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗುತ್ತದೆ. ಆ ಶಾಖವನ್ನು ಹೊರಗೆ ಹಾಕಲು ದೇಹಕ್ಕಿರುವ ದೊಡ್ಡ ದಾರಿ ಬೆವರು. ಆದರೆ ಬೆವರು ಸುರಿದರೆ ಮೈ ತಣಿಯುವುದಿಲ್ಲ, ಆರಿದರೆ ತಣಿಯುತ್ತದೆ. ಕಾರವಾರದಲ್ಲಿ ರಾತ್ರಿ ಒಣಹಾಕಿದ ಬಟ್ಟೆಯನ್ನು ಬೆಳಗಿನ ಜಾವ ಮುಟ್ಟಿ ನೋಡಿ, ಹಿಂಡಿ ಹಾಕಿದ ಹಾಗೇ ಇರುತ್ತದೆ. ಮೈಮೇಲಿನ ಬೆವರಿನ ಗತಿಯೂ ಅದೇ. ಬಿಸಿಲಿಲ್ಲ, ಇನ್ನೂ ಕತ್ತಲೆ ಎಂದು ಸಮಾಧಾನಪಡುವ ಹೊತ್ತಿನಲ್ಲೇ ಗಾಳಿಯಲ್ಲಿ ತೇವ ಅತಿ ಹೆಚ್ಚು. ಬೆವರು ಆರದೆ ತೊಟ್ಟಿಕ್ಕುತ್ತದೆ, ದೇಹ ಮತ್ತಷ್ಟು ಬೆವರುತ್ತದೆ, ಅದರ ಜೊತೆ ಉಪ್ಪೂ ಹೋಗುತ್ತದೆ.

ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಎರಡು ದಿನದಲ್ಲಲ್ಲ. ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟರಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಎರಡು ವಾರ ಮೊದಲೇ ಕರಾವಳಿಗೆ ಬಂದು ದಿನವೂ ಒಂದು ಗಂಟೆ ನಿಧಾನವಾಗಿ ಓಡಲು ಸಾಧ್ಯವಿದ್ದವರು ಹಾಗೆಯೇ ಮಾಡಿ. ರಜೆ ಸಿಗದ ಘಟ್ಟದ ಮೇಲಿನವರಿಗೆ ನಾನು ಹೇಳುವುದು ಬಚ್ಚಲ ಹಂಡೆಯ ಉಪಾಯ. ನಮ್ಮ ಹಳ್ಳಿ ಮನೆಗಳಲ್ಲಿ ಹಂಡೆಗೆ ಬೆಂಕಿ ಹಾಕಿ ನೀರು ಕಾಯಿಸುವುದು ಇನ್ನೂ ಇದೆ. ಓಡಿ ಬಂದ ಕೂಡಲೇ ಮೈ ತಣಿಯುವುದಕ್ಕೆ ಬಿಡದೆ ಬಚ್ಚಲಿಗೆ ಹೋಗಿ, ಬಾಗಿಲು ಮುಂದೆ ಮಾಡಿ, ಆವಿಯ ನಡುವೆ ಇಪ್ಪತ್ತು ನಿಮಿಷ ಬಿಸಿ ನೀರು ಹಾಕಿಕೊಳ್ಳುತ್ತ ಕೂತಿರಿ. ಟಬ್ ಇದ್ದವರು 40 ಡಿಗ್ರಿ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತರೆ ಇನ್ನೂ ಒಳ್ಳೆಯದು. ಓಟಕ್ಕೆ ಮುಂಚಿನ ಎರಡು ವಾರಗಳಲ್ಲಿ ಕನಿಷ್ಠ ಆರು ದಿನ ಬಿಡದೆ ಹೀಗೆ ಮಾಡಿ. ಬಾಗಿಲ ಚಿಲಕ ಹಾಕಬೇಡಿ, ಮನೆಯಲ್ಲಿ ಯಾರಾದರೂ ಇರಲಿ, ತಲೆ ತಿರುಗಿದರೆ ಎದ್ದು ಬನ್ನಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರಿಗೆ ಮತ್ತು ಗರ್ಭಿಣಿಯರಿಗೆ ಇದು ಸಲ್ಲದು. ತುಂಬಾ ಮೊದಲೇ ಮಾಡಿ ಮುಗಿಸಿದರೂ ಪ್ರಯೋಜನವಿಲ್ಲ, ಬಿಟ್ಟ ಎರಡು ಮೂರು ವಾರಗಳಲ್ಲಿ ಗಳಿಸಿದ್ದು ಕರಗಿಹೋಗುತ್ತದೆ.

ಮುಂದಿನದು ತೂಕ. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೂ ನೀವು ಅಂದಾಜಿನ ಮೇಲೆಯೇ ನೀರು ಕುಡಿಯುತ್ತೀರಿ. ತವರಿನಲ್ಲಿ ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ, ನಾನು ಅದರ ಮೇಲೆಯೇ ನಿಲ್ಲುತ್ತೇನೆ. ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಓಡಿ. ಬಂದು ಮೈ ಒರೆಸಿಕೊಂಡು ಮತ್ತೆ ತೂಗಿ. ಕಡಿಮೆಯಾದ ತೂಕಕ್ಕೆ ನಡುವೆ ಕುಡಿದ ನೀರನ್ನು ಕೂಡಿಸಿದರೆ ನಿಮ್ಮ ಒಂದು ಗಂಟೆಯ ಬೆವರು ಸಿಗುತ್ತದೆ. ಕಾರವಾರದಲ್ಲಿ ನನ್ನದು ಒಮ್ಮೆ 58.2 ಇದ್ದದ್ದು 57.5 ಆಯಿತು. ನಡುವೆ 300 ಮಿಲಿಲೀಟರ್ ಕುಡಿದಿದ್ದೆ. ಅಂದರೆ ಗಂಟೆಗೆ ಒಂದು ಲೀಟರ್. ಶಿರಸಿಯ ಚಳಿಯಲ್ಲಿ ಅದೇ ವೇಗಕ್ಕೆ 600 ಮಿಲಿಲೀಟರ್ ಅಷ್ಟೇ. ನನ್ನ ತಮ್ಮ ನನಗಿಂತ ಇಪ್ಪತ್ತು ಕಿಲೋ ಭಾರ, ಅವನದು ಒಂದೂವರೆ ಲೀಟರ್ ದಾಟುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಬರುವುದಿಲ್ಲ. ಓಟ ನಡೆಯುವ ಊರಿನಂಥ ಹವೆಯಲ್ಲಿ ನಿಮ್ಮದನ್ನು ನೀವೇ ಅಳೆಯಿರಿ.

ಕಳೆದುಕೊಂಡ ಅಷ್ಟನ್ನೂ ಓಡುತ್ತಲೇ ತುಂಬಬೇಕಾಗಿಲ್ಲ. ಕೊನೆಯಲ್ಲಿ ತೂಕ ನೂರಕ್ಕೆ ಎರಡು ಮೂರರಷ್ಟು ಇಳಿದಿದ್ದರೆ ಚಿಂತೆಯಿಲ್ಲ. ಏರಿರಲೇಬಾರದು. ನಾನು ಗಂಟೆಗೆ 600ರಿಂದ 700 ಮಿಲಿಲೀಟರ್ ಕುಡಿಯುತ್ತೇನೆ, ಅದೂ ಬಾಯಾರಿದಾಗ, ಗುಟುಕು ಗುಟುಕಾಗಿ. ಸರಾಸರಿ ಲೆಕ್ಕದಲ್ಲಿ ಒಂದು ಲೀಟರ್ ಬೆವರಿನ ಜೊತೆ ಸುಮಾರು ಒಂದು ಗ್ರಾಂ ಸೋಡಿಯಂ ಹೋಗುತ್ತದೆ, ಅಡುಗೆ ಉಪ್ಪಿನ ಲೆಕ್ಕದಲ್ಲಿ ಎರಡೂವರೆ ಗ್ರಾಂ. ಓಡಿದ ಮೇಲೆ ಕಪ್ಪು ಬಟ್ಟೆಯ ಮೇಲೆ ಬಿಳಿ ಪೊರೆ ಕಟ್ಟುವವರು ಇನ್ನೂ ಹೆಚ್ಚು ಕಳೆದುಕೊಳ್ಳುತ್ತಾರೆ.

ನನ್ನ ಬಾಟಲಿ ಹೀಗೆ. ಅರ್ಧ ಲೀಟರ್ ನೀರು, ಎರಡು ಚಮಚ ಮುರುಗಲ ಹಣ್ಣಿನ ರಸ, ಟೀ ಚಮಚದ ಕಾಲು ಭಾಗ ಉಪ್ಪು, ಒಂದು ದೊಡ್ಡ ಚಮಚ ಜೋನಿ ಬೆಲ್ಲ. ಜೋನಿ ಬೆಲ್ಲವನ್ನು ಬೇರೆಯಾಗಿಯೂ ಒತ್ತಿ ಹಿಂಡುವ ಪುಟ್ಟ ಬಾಟಲಿಯಲ್ಲಿ ಒಯ್ಯುತ್ತೇನೆ. ಓಟಗಾರರು ಶಕ್ತಿಗೆಂದು ನುಂಗುವ ಅಂಗಡಿಯ ದುಬಾರಿ ಜೆಲ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು, ಬೆಲ್ಲ ಮತ್ತು ಬಾಟಲಿಯ ರಸ ಸೇರಿ ಮೂರು ದೊಡ್ಡ ಚಮಚ ಜೋನಿ ಬೆಲ್ಲ ಸಾಕು. ನೀರು ತಾಗಿದ ಜೋನಿ ಬೇಗ ಹುಳಿ ಬರುತ್ತದೆ, ಹಾಗಾಗಿ ಹಿಂದಿನ ರಾತ್ರಿಯಷ್ಟೇ ಬೆರೆಸಿ ತಂಪಿನಲ್ಲಿಡಿ, ವಾರಗಟ್ಟಲೆ ಇಡಬೇಡಿ. ಅಭ್ಯಾಸದಲ್ಲಿ ನಾಲ್ಕೈದು ಸಲ ಹೊಟ್ಟೆಗೆ ರೂಢಿ ಮಾಡಿಸದೆ ಓಟದ ದಿನ ಮೊದಲ ಬಾರಿಗೆ ತಿನ್ನಲೇಬೇಡಿ.

ಇದೆಲ್ಲ ಬೇಡ ಎನ್ನುವವರು ಓಆರ್‌ಎಸ್ ಪುಡಿ ತೆಗೆದುಕೊಳ್ಳಿ, ಆದರೆ ಪೊಟ್ಟಣದ ಹಿಂಬದಿ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಓಆರ್‌ಎಸ್ ಎಂಬ ಹೆಸರಿನಲ್ಲಿ ಸಿಹಿ ಪಾನೀಯಗಳನ್ನು ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದ್ದು ಬಹಳ ಒಳ್ಳೆಯ ಕೆಲಸ. ಎಳನೀರು ಓಟ ಮುಗಿದ ಮೇಲೆ ಇರಲಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅಲ್ಪ. ಅದೊಂದನ್ನೇ ನಂಬಿ 42 ಕಿಲೋಮೀಟರ್ ಓಡಬೇಡಿ.

ವೇಗದ ವಿಷಯದಲ್ಲಿ ಗಡಿಯಾರದ ಮಾತು ಕೇಳಬೇಡಿ. ಶಿರಸಿಯಲ್ಲಿ ಕಿಲೋಮೀಟರಿಗೆ 7 ನಿಮಿಷದಂತೆ ಓಡುವ ನಾನು ಕರಾವಳಿಯಲ್ಲಿ 7 ನಿಮಿಷ 40 ಸೆಕೆಂಡಿಗೆ ಹೊರಡುತ್ತೇನೆ. ಮೊದಲ 15 ಕಿಲೋಮೀಟರ್ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡುವಂತಿರಬೇಕು. ಬೆಳಗಿನ ಜಾವ ಮೈ ಹಗುರವಾಗಿರುವಾಗ ಗಳಿಸಿದ ಹತ್ತು ನಿಮಿಷವನ್ನು ಎಂಟು ಗಂಟೆಯ ಬಿಸಿಲು ನಲವತ್ತು ನಿಮಿಷವಾಗಿ ವಸೂಲಿ ಮಾಡುತ್ತದೆ. ನೀರಿನ ಮೇಜು ಬಂದಾಗಲೆಲ್ಲ ನಡೆಯಿರಿ. ಒಂದು ಲೋಟ ತಲೆಗೆ, ಕುತ್ತಿಗೆಗೆ ಸುರಿದುಕೊಳ್ಳಿ.

ಕಾರವಾರದಲ್ಲಿ ಅಭ್ಯಾಸ ಮಾಡುವವರಿಗೆ ದಾರಿಯ ಬಗ್ಗೆ ಒಂದೆರಡು ಮಾತು. ರವೀಂದ್ರನಾಥ ಟಾಗೋರ್ ಕಡಲತೀರದ ಅನುಕೂಲವೆಂದರೆ ಸೂರ್ಯ ಪೂರ್ವದ ಗುಡ್ಡಗಳನ್ನು ಹತ್ತಿ ಬರಬೇಕು. ಜನವರಿಯಲ್ಲಿ ಸೂರ್ಯೋದಯವೇ ಸುಮಾರು ಏಳಕ್ಕೆ, ಮರಳಿಗೆ ಬಿಸಿಲು ಬೀಳುವುದು ಇನ್ನೂ ತಡ. ಆ ಹೊತ್ತಿಗೆ ಘಟ್ಟದ ಕಡೆಯಿಂದ ಕಡಲಿಗೆ ಬೀಸುವ ಗಾಳಿ ಬೆನ್ನಿನ ಬೆವರನ್ನು ಸ್ವಲ್ಪವಾದರೂ ಆರಿಸುತ್ತದೆ. ಇಳಿತ ಇದ್ದಾಗ ಮಾತ್ರ ಮರಳು ಗಟ್ಟಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನೋಡಿಕೊಂಡು ಹೊರಡಿ. ದಂಡೆ ಕಡಲಿನ ಕಡೆಗೆ ಓರೆ. ಒಂದೇ ದಿಕ್ಕಿಗೆ ಓಡಿದರೆ ಒಂದು ಮೊಣಕಾಲಿನ ಹೊರಬದಿ ನೋಯುತ್ತದೆ, ಹೋದಷ್ಟೇ ದೂರ ಹಿಂದಿರುಗಿ. ಉದ್ದದ ಓಟವನ್ನು ಮರಳಿನ ಮೇಲೆ ಮಾಡಬೇಡಿ, ಕೋಡಿಬಾಗದ ಒಳರಸ್ತೆಗಳಲ್ಲಿ ಸುತ್ತು ಹಾಕಿ. ಪ್ರತಿ ಸುತ್ತಿಗೂ ಮನೆಯ ಗೇಟಿನ ಮೇಲಿಟ್ಟ ಬಾಟಲಿ ಕೈಗೆ ಸಿಗುತ್ತದೆ. ಹಿಂದೆ ಕಾಳಿ ಸೇತುವೆಯ ಮೇಲೆ ಸದಾಶಿವಗಡದವರೆಗೆ ಓಡುವುದು ನನಗೆ ತುಂಬ ಇಷ್ಟವಾಗಿತ್ತು. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ವಾಹನಗಳೆಲ್ಲ ಉಳಿದ ಸೇತುವೆಗೆ ಬಂದವು, ನಾನು ಅತ್ತ ಓಡುವುದನ್ನು ಬಿಟ್ಟೆ. ಬಿಣಗಾ ಕಡೆಯ ಹೆದ್ದಾರಿ ಸುರಂಗದೊಳಗಂತೂ ಕಾಲಿಡಬೇಡಿ.

ಪ್ರವಾಸ ಮತ್ತು ಓಟವನ್ನು ಬೆರೆಸುವವರು ಓಟವನ್ನು ಮೊದಲಿಗಿಡಿ, ತಿರುಗಾಟವನ್ನು ಆಮೇಲೆ. ಹಿಂದಿನ ದಿನ ಗೋಕರ್ಣದ ಓಂ ಬೀಚಿನಿಂದ ಗುಡ್ಡ ಹತ್ತಿಳಿದು ಇಡೀ ದಿನ ಬಿಸಿಲಿನಲ್ಲಿ ಕಳೆದವರ ಕಾಲು ಮರುದಿನ ಅರ್ಧ ದಾರಿಗೇ ಸೋಲುತ್ತದೆ. ಘಟ್ಟದ ತಿರುವುಗಳಲ್ಲಿ ವಾಂತಿಯಾಗುವವರು ಒಂದು ದಿನ ಹೆಚ್ಚಿಗೆ ಹಿಡಿದು ಬನ್ನಿ. ಮೀನೂಟದ ಆಸೆ ಇರುತ್ತದೆ, ಒಪ್ಪುತ್ತೇನೆ, ಆದರೆ ಖಾರದ ಮಸಾಲೆ, ಚಿಪ್ಪಿಕಲ್ಲು, ಸಿಗಡಿ ಎಲ್ಲ ಪದಕ ಬಂದ ಮೇಲೆ. ಹಿಂದಿನ ರಾತ್ರಿ ಗಂಜಿ, ಒಂದು ಮಾವಿನ ಮಿಡಿ, ಸ್ವಲ್ಪ ಮೊಸರು. ನನ್ನ ಆಯಿ ಆ ರಾತ್ರಿ ಫೋನ್ ಮಾಡಿ, “ಕೂಸೇ, ಮಿಡಿ ಇನ್ನೊಂದು ಹಾಕಿಕೊ, ನಾಳೆ ಉಪ್ಪು ಬೇಕು” ಎಂದು ನೆನಪಿಸುತ್ತಾಳೆ. ಹತ್ತಿಯ ಬನಿಯನ್ ಬೇಡ, ನೆನೆದು ಭಾರವಾಗಿ ಚರ್ಮ ಕಿತ್ತುಬರುತ್ತದೆ. ತೊಡೆಸಂದಿ, ಕಂಕುಳಿಗೆ ವ್ಯಾಸಲೀನ್ ದಪ್ಪಗೆ ಹಚ್ಚಿ. ಕೊಬ್ಬರಿ ಎಣ್ಣೆ ಎರಡು ಗಂಟೆಯೂ ನಿಲ್ಲುವುದಿಲ್ಲ. ಓಟದ ದಿನ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಬೇಡಿ, ಮೊದಲೇ ಸೋತಿರುವ ಮೂತ್ರಪಿಂಡಕ್ಕೆ ಅದು ಹೊಡೆತ.

ಜೊತೆಗಾರರು ಓಲಾಡುತ್ತಿದ್ದರೆ, ಹೆಸರು ಕೇಳಿದಾಗ ತಡವರಿಸಿದರೆ, ಕಾರಣವಿಲ್ಲದೆ ಸಿಡುಕಿದರೆ ನಿಮ್ಮ ಓಟವನ್ನು ಅಲ್ಲೇ ನಿಲ್ಲಿಸಿ. ಮೈಯೊಳಗಿನ ತಾಪ 40 ಡಿಗ್ರಿ ದಾಟಿರಬಹುದು. ಬೆವರುತ್ತಿದ್ದಾರೆ, ಹಾಗಾಗಿ ಬಿಸಿಲಾಘಾತ ಅಲ್ಲ ಎಂದುಕೊಳ್ಳಬೇಡಿ, ಓಡುವವರಲ್ಲಿ ಬೆವರು ಸುರಿಯುತ್ತಲೇ ಅದು ಬರುತ್ತದೆ. 108ಕ್ಕೆ ಕರೆ ಮಾಡಿ, ಆದರೆ ವಾಹನ ಬರುವವರೆಗೆ ಕಾಯುತ್ತ ಕೂರಬೇಡಿ. ನೆರಳಿಗೆ ಎಳೆದು ಮೈತುಂಬ ನೀರು ಸುರಿಯಿರಿ, ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಿ. ದೊಡ್ಡ ತೊಟ್ಟಿ ಇದ್ದರೆ ತಲೆಯನ್ನು ಮೇಲೆ ಹಿಡಿದು ತಣ್ಣೀರಿನಲ್ಲಿ ಕೂರಿಸಿ. ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಬೇಡಿ. ನಮ್ಮ ಉದ್ದದ ಓಟಗಳ ದಿನ ಮೀನಿಗೆ ಹಾಕುವ ಮಂಜುಗಡ್ಡೆಯನ್ನು ಒಂದು ಪೆಟ್ಟಿಗೆ ತರಿಸಿ ಗೇಟಿನ ಒಳಗೆ ಇಟ್ಟಿರುತ್ತೇವೆ. ಬಂದರು ಇರುವ ಊರಿನಲ್ಲಿ ಅದು ಸುಲಭವಾಗಿ ಸಿಗುತ್ತದೆ. ನಮ್ಮ ಟೋಪಿಗಳಿಗೂ ಅದರದ್ದೇ ಚೂರು.

ಮುಗಿಸಿದ ಕೂಡಲೇ ಧೊಪ್ಪೆಂದು ಕೂರಬೇಡಿ, ಹತ್ತು ನಿಮಿಷ ನಡೆದಾಡಿ. ಎದುರಿಗೇ ಕಡಲು ಇದ್ದರೂ ಸೋತ ಕಾಲಿನಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ. ಮತ್ತೆ ತೂಕ ನೋಡಿ ಬರೆದಿಟ್ಟುಕೊಳ್ಳಿ. ಉಂಗುರ ಬಿಗಿಯಾಗಿದ್ದು ತೂಕವೂ ಏರಿದ್ದರೆ ನೀರು ನಿಲ್ಲಿಸಿ ವೈದ್ಯರ ಬಳಿ ಹೋಗಿ. ತೂಕ ಇಳಿದಿದ್ದರೆ ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ಆಮೇಲೆ ಊಟ. ಅದೇ ದಿನ ಘಟ್ಟ ಹತ್ತುವವರು ದೇವಿಮನೆಯಲ್ಲಿ ವಾಹನ ನಿಲ್ಲಿಸಿ ಐದು ನಿಮಿಷ ಕಾಲು ಆಡಿಸಿ, ಇಲ್ಲದಿದ್ದರೆ ಶಿರಸಿಯಲ್ಲಿ ಇಳಿಯುವಾಗ ಮೊಣಕಾಲು ಮಡಚುವುದಿಲ್ಲ.